ಪೇಟೆ, ಕೇರಿ ಮತ್ತು ನಗರಯೋಜನೆ: ಬೆಂಗಳೂರನ್ನು ಕುರಿತು ಒಂದು ವಿವೇಚನೆ

ಬೆಂಗಳೂರು ಪೇಟೆಯ ಸ್ಥಳನಾಮಗಳು ಒಂದು ಸಾಮಾಜಿಕ ನಕ್ಷೆಯನ್ನೇ ಒಳಗೊಂಡಿವೆ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಮೊದಲಾದವು ಕಸುಬು ಹಾಗೂ ಜಾತಿಗಳನ್ನು ನೆಲದ ಮೇಲೆ ಗುರುತಿಸಿದ ಹೆಸರುಗಳು. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶವು ಇದಕ್ಕೆ ವಸಾಹತುಶಾಹಿ ವಿಭಜನೆಯನ್ನೂ ಸೇರಿಸಿತು. ಪೇಟೆ ಮತ್ತು ದಂಡುಗಳು ಒಂದೇ ಪೌರಾಡಳಿತಕ್ಕೆ ಒಳಪಟ್ಟುದು 1949ರಲ್ಲಿ. 1898ರ ಪ್ಲೇಗಿನ ತರುವಾಯ ಬೆಳೆದ ಮಲ್ಲೇಶ್ವರ, ಬಸವನಗುಡಿಗಳನ್ನು ಆಧುನಿಕ ನಗರಯೋಜನೆಯ ಮಾದರಿಗಳೆಂದು ವಿದ್ವಾಂಸರು ಕೊಂಡಾಡುವುದುಂಟು. ಆದರೆ ನೇರ ಬೀದಿ, ಗಾಳಿ, ಬೆಳಕುಗಳಿಗೆ ಎಡೆಮಾಡಿದ ಆ ಯೋಜನೆಯಲ್ಲಿಯೂ ಜಾತಿ-ಸಮುದಾಯಗಳಿಗೆ ಬೇರೆ ಬೇರೆ ಭಾಗಗಳನ್ನು ಮೀಸಲಿಡಲಾಗಿತ್ತು. ಹಳೆಯ ಪ್ರತ್ಯೇಕತೆಗೆ ಹೊಸ ಅಚ್ಚುಕಟ್ಟು ದೊರೆಯಿತೆಂಬುದೇ ಇಲ್ಲಿನ ಸತ್ಯ. ಅದೇ ಪಿಡುಗಿಗೆ ಜನಸಮುದಾಯವು ಪ್ಲೇಗ್ ಮಾರಮ್ಮನ ಗುಡಿಗಳ ಮೂಲಕ ತನ್ನದೇ ಉತ್ತರವನ್ನು ಕಂಡುಕೊಂಡಿತು.

ಸ್ವಾತಂತ್ರ್ಯಾನಂತರದ ನೀತಿಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಅಧಿನಿಯಮವು ಸುಧಾರಣೆ, ನಿರ್ಮೂಲನ ಎಂಬ ಎರಡು ಗುರಿಗಳನ್ನು ಇರಿಸಿಕೊಂಡಿತು. ಮುಂದೆ ಮಂಡಳಿಯ ಹೆಸರಿನಲ್ಲಿದ್ದ ‘ನಿರ್ಮೂಲನ’ ಹೋಗಿ ‘ಅಭಿವೃದ್ಧಿ’ ಬಂದರೂ ‘ಕೊಳಚೆ’ ಎಂಬ ಪದ ಉಳಿಯಿತು. ವಾಸಿಸುವವರು ಕೇರಿ, ಕಾಲೊನಿ, ಪಾಳ್ಯ ಎಂದು ಕರೆದುಕೊಳ್ಳುವ ನೆಲೆಯನ್ನು ಕಡತವು ಕೊಳೆಯ ಹೆಸರಿನಿಂದ ಗುರುತಿಸುತ್ತದೆ. ಇಂಥ ನಾಮಕರಣವು ತೆರವನ್ನು ಸಹಜವೆಂಬಂತೆ ತೋರಿಸುತ್ತದೆ. 2013ರ ಜನವರಿಯಲ್ಲಿ ಈಜಿಪುರದ ದುರ್ಬಲ ವರ್ಗದ ವಸತಿನೆಲೆಯಿಂದ ನೂರಾರು ಕುಟುಂಬಗಳನ್ನು ಹೊರಹಾಕಿದ ಪ್ರಸಂಗವು ಬಡವರ ವಸತಿಗೆಂದು ಮೀಸಲಾದ ನೆಲವೂ ಸುರಕ್ಷಿತವಲ್ಲವೆಂಬುದನ್ನು ಸ್ಪಷ್ಟಪಡಿಸಿತು.

ಜಾನಪದ ಅಧ್ಯಯನವೂ ಈ ವಿಮರ್ಶೆಯಿಂದ ಹೊರತಲ್ಲ. ಕರಗವು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಟು ತವಕ್ಕಲ್ ಮಸ್ತಾನ್ ದರ್ಗಾವನ್ನು ಸಂದರ್ಶಿಸುವುದನ್ನು ಸೌಹಾರ್ದದ ನಿದರ್ಶನವಾಗಿ ಉಲ್ಲೇಖಿಸುವುದು ವಾಡಿಕೆ. ಈ ಮಾತು ನಿಜವೇ. ಆದರೆ ಒಂದು ರಾತ್ರಿಯ ಸಂಚಾರದಿಂದ ವರ್ಷವಿಡೀ ನಿಲ್ಲುವ ಗೋಡೆಗಳು ಕರಗುವುದಿಲ್ಲ. ಕರಗದ ಆಚರಣೆಯೊಡನೆ ಬೆಸೆದುಕೊಂಡಿದ್ದ ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣವಾದುದರ ಪರಿಣಾಮವನ್ನೂ ಅಷ್ಟೇ ಗಂಭೀರವಾಗಿ ದಾಖಲಿಸಬೇಕು. ಇನ್ನು ಕೇರಿಯನ್ನು ಸಂಸ್ಕೃತಿಯ ಸಿರಿಯೆಂದಷ್ಟೇ ವರ್ಣಿಸುವವರು ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಗಮನಿಸಬೇಕು. ಅಲ್ಲಿ ನಗೆ, ನಂಟು, ಹಸಿವು, ಅವಮಾನಗಳು ಒಂದನ್ನೊಂದು ಬಿಟ್ಟಿರುವುದಿಲ್ಲ.

1992ರ ಸಂವಿಧಾನದ 74ನೇ ತಿದ್ದುಪಡಿಯು ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿಗೆ ಅವಕಾಶ ಕಲ್ಪಿಸಿದೆ. ಇಂಥ ವೇದಿಕೆಗಳಲ್ಲಿ ಮನೆಗಳ ಎಣಿಕೆಯ ಜೊತೆಗೆ ಗುಡಿ, ದರ್ಗಾ, ಮೆರವಣಿಗೆಯ ದಾರಿ, ದುಡಿಮೆಯ ತಾಣಕ್ಕಿರುವ ದೂರ, ಬಾಣಂತನಕ್ಕೂ ಸಾವಿಗೂ ಒದಗುವ ನೆರೆಹೊರೆ ಇವೆಲ್ಲ ಯೋಜನೆಯ ದತ್ತಾಂಶವಾಗಬೇಕು. ಆದರೆ ಪರಂಪರೆಯ ಹೆಸರಿನಲ್ಲಿ ಜನರನ್ನು ಕೇರಿಯಲ್ಲಿಯೇ ಕಟ್ಟಿಹಾಕುವುದೂ ಅನ್ಯಾಯವೇ. ಇರುವಲ್ಲಿ ಘನತೆಯಿಂದ ಉಳಿಯುವ ಹಕ್ಕು, ಬಯಸಿದಲ್ಲಿ ತಡೆಯಿಲ್ಲದೆ ನೆಲೆಸುವ ಹಕ್ಕು ಎರಡನ್ನೂ ಒಟ್ಟಿಗೆ ಎತ್ತಿಹಿಡಿಯದ ಯಾವ ನಗರನೀತಿಯೂ ಸಮತೆಯ ನೀತಿಯೆನಿಸಲಾರದು.