ದಾನವೂ ಪಾಲನವೂ: ಕಲ್ಲೋಳಿಯ ಶಾಸನದ ಒಂದು ವಿಮರ್ಶೆ

ಶಾಸನಗಳನ್ನು ಚರಿತ್ರಕಾರರು ಕಾಲನಿರ್ಣಯಕ್ಕಾಗಿ ಓದುವರು. ಅರಸನ ಹೆಸರೂ ಸಂವತ್ಸರವೂ ದೊರೆತ ಬಳಿಕ ಕಲ್ಲನ್ನು ಬಿಟ್ಟು ಮುಂದೆ ನಡೆಯುವರು. ಅವನ್ನು ಸಾಹಿತ್ಯವೆಂದು ಓದುವವರು ವಿರಳ. ಹಾಗೆ ಓದುವವರೂ ಮೊದಲ ಭಾಗದ ವಂಶವರ್ಣನೆಯಲ್ಲಿ ರಸವನ್ನು ಹುಡುಕಿ, ಕೊನೆಯ ಭಾಗವನ್ನು ಬರಿಯ ರೂಢಿಯೆಂದು ಕಡೆಗಣಿಸುವರು. ಆದರೆ ದಾನಶಾಸನದ ಜೀವವು ಆ ಕೊನೆಯ ಭಾಗದಲ್ಲಿಯೇ ಇರುವುದು. ಇದನ್ನು ವಿಚಾರಿಸುವುದಕ್ಕೆ ಘಟಪ್ರಭೆಯ ಸೀಮೆಯ ಕಲ್ಲೋಳಿಯ ಶಾಸನವು ಒಳ್ಳೆಯ ನೆಲೆಯಾಗಿದೆ.

ಇಂದು ಮೂಡಲಗಿ ತಾಲೂಕಿಗೆ ಸೇರಿದ ಈ ಊರಿನ ಹಳೆಯ ಹೆಸರು ಕಲ್ಪೊಳೆ. ರಟ್ಟರ ಕೂಂಡಿ 3000 ನಾಡಿನೊಳಗಿನ ಊರು. ನಾಲ್ಕನೆಯ ಕಾರ್ತವೀರ್ಯನು ವೇಣುಗ್ರಾಮದಲ್ಲಿ, ಎಂದರೆ ಬೆಳಗಾವಿಯಲ್ಲಿ, ಇದ್ದು ಆಳುತ್ತಿರಲು, 1204-05ರ ಸುಮಾರಿಗೆ ಇಲ್ಲಿಯ ಶಾಂತಿನಾಥ ಬಸದಿಗೆ ಭೂಮಿಯನ್ನು ಬಿಟ್ಟುದನ್ನು ಈ ಶಾಸನವು ತಿಳಿಸುತ್ತದೆ. ಪಾರ್ಶ್ವನಾಥಪುರಾಣವನ್ನು ರಚಿಸಿದ ಪಾರ್ಶ್ವಪಂಡಿತನು ಬಾಳಿದುದೂ ಇದೇ ಅರಸನ ಕಾಲದಲ್ಲಿಯೇ. ಆ ಕಾಲದ ರಟ್ಟನಾಡಿನಲ್ಲಿ ಕಾವ್ಯಕ್ಕೆ ಕೊರತೆಯಿರಲಿಲ್ಲ.

ಇಂತಹ ದಾನಶಾಸನಗಳಲ್ಲಿ ನೆಲವು ಮೂರು ಬಗೆಯಾಗಿ ತೋರುವುದು. ಮೊದಲನೆಯದು ನಾಡಿನ ವರ್ಣನೆ. ಅಲ್ಲಿ ಮಾವು, ಕೋಗಿಲೆ, ತಾವರೆಗೊಳ ಇವು ತಪ್ಪವು. ಒಂದು ನಾಡಿನ ವರ್ಣನೆಯನ್ನು ತೆಗೆದು ಮತ್ತೊಂದು ನಾಡಿಗೆ ಹೊದಿಸಿದರೂ ಸಲ್ಲುವುದು. ಎರಡನೆಯದು ಸೀಮೆಯ ನಿರ್ದೇಶ. ಮೂಡಲಿಗೆ ನಟ್ಟ ಕಲ್ಲು, ತೆಂಕಲಿಗೆ ಬಟ್ಟೆ, ಪಡುವಲಿಗೆ ಬಾವಿ, ಬಡಗಲಿಗೆ ಹಳ್ಳವೆಂಬ ರೀತಿಯ ಈ ಮಾತುಗಳಲ್ಲಿ ಅಲಂಕಾರವಿಲ್ಲ. ಆದರೂ ನೆಲದ ಮುಖವು ಕಾಣುವುದು ಇಲ್ಲಿಯೇ. ವರ್ಣಿಸಿದ ಕವಿಗಿಂತ ಅಳೆದವನು ಆ ಊರನ್ನು ಹೆಚ್ಚು ಕಂಡಿದ್ದನು. ಮೂರನೆಯದು ಕೊನೆಯ ಸಂಸ್ಕೃತ ಶ್ಲೋಕಗಳು. ಕೊಡುವುದಕ್ಕಿಂತ ಕೊಟ್ಟುದನ್ನು ಕಾಯುವುದು ಮೇಲೆಂದು ಒಂದು ಹೇಳಿದರೆ, ಈ ಧರ್ಮವು ಎಲ್ಲ ಅರಸರಿಗೂ ಸಮಾನವಾದ ಸೇತುವೆಂದೂ ಇದನ್ನು ಕಾಲಕಾಲಕ್ಕೆ ಕಾಪಾಡಬೇಕೆಂದೂ ಶ್ರೀರಾಮನು ಮುಂದೆ ಹುಟ್ಟಲಿರುವ ಅರಸರನ್ನು ಬೇಡಿಕೊಳ್ಳುವನೆಂದು ಇನ್ನೊಂದು ಹೇಳುವುದು.

ಇವು ನೂರಾರು ಕಲ್ಲುಗಳಲ್ಲಿ ಬಂದ ಶ್ಲೋಕಗಳು, ಲಿಪಿಕಾರನ ಬಾಯಿಪಾಠ, ಇದರಲ್ಲಿ ಕವಿತ್ವವೇನು ಎಂಬ ಆಕ್ಷೇಪವು ಬರಬಹುದು. ನಿತ್ಯವೂ ಹೇಳುವ ಸಂಕಲ್ಪವು ನಿತ್ಯವೂ ಹೇಳಿದುದರಿಂದಲೇ ಅರ್ಥಹೀನವಾಗದು. ಮೇಲಾಗಿ ಇಲ್ಲಿಯ ಭಾವವು ಅಪೂರ್ವವಾದುದು. ಕಾವ್ಯದಲ್ಲಿ ಅರಸರು ಹಿಂದಿನವರನ್ನು ಸ್ಮರಿಸುವರು, ಇದ್ದವರನ್ನು ಗೆಲ್ಲುವರು. ಇನ್ನೂ ಹುಟ್ಟದವರ ಮುಂದೆ ಕೈಮುಗಿದು ನಿಲ್ಲುವುದು ಶಾಸನದಲ್ಲಿ ಮಾತ್ರ. ಕೊಟ್ಟವನ ಕೀರ್ತಿಯು ಕಾಯುವವನ ಕೈಯಲ್ಲಿದೆಯೆಂಬ ಈ ವಿನಯವೇ ಶಾಸನದ ರಸಸ್ಥಾನ.

ಸೇತುವೆಂಬ ಪದದ ಔಚಿತ್ಯವನ್ನೂ ನೋಡತಕ್ಕದ್ದು. ಸೇತುವೆಂದರೆ ಹೊಳೆಯನ್ನು ದಾಟಿಸುವ ಸಂಕ ಮಾತ್ರವಲ್ಲ. ಹೊಲದ ಒಡ್ಡಿಗೂ ಕೆರೆಯ ಏರಿಗೂ ಆ ಹೆಸರು ಸಲ್ಲುವುದೆಂದು ಕೋಶವನ್ನು ಬಲ್ಲವರು ಅರಿವರು. ಒಡ್ಡನ್ನು ಒಮ್ಮೆ ಹಾಕಿದರೆ ಸಾಲದು; ಮಳೆಗಾಲ ಮಳೆಗಾಲಕ್ಕೂ ಅದನ್ನು ತಿದ್ದಬೇಕು. ಕಾಲಕಾಲಕ್ಕೆ ಎಂಬ ಮಾತಿನ ಸ್ವಾರಸ್ಯವು ಇದೇ.

ಆದರೆ ಗುಣವನ್ನು ಹೇಳಿ ದೋಷವನ್ನು ಮುಚ್ಚುವುದು ವಿಮರ್ಶೆಯಲ್ಲ. ಭೂಮಿಯನ್ನು ಕಸಿದುಕೊಂಡವನು ಅರುವತ್ತು ಸಾವಿರ ವರುಷ ಹುಳುವಾಗಿ ಬೀಳುವನೆಂದು ಶಾಪವಿರುವುದು. ಆ ಶಾಪವು ಕಳ್ಳನನ್ನು ಬಲ್ಲದು; ತನ್ನ ನೆಲವನ್ನು ತಾನೇ ಕೆಡಿಸುವ ಒಡೆಯನನ್ನು ಅರಿಯದು. ಸೀಮೆಯ ಕಲ್ಲು ಕದಲದೆ ನಿಂತಿರಲು ಅದರೊಳಗಿನ ಮಣ್ಣು ಸಾಯಬಹುದೆಂಬುದು ಶಾಸನಕಾರನಿಗೆ ತೋಚಲಿಲ್ಲ.

ಇಂದು ಆ ಸೀಮೆಯಲ್ಲಿ ಆಗುತ್ತಿರುವುದು ಇದೇ. ಘಟಪ್ರಭೆಗೆ 1897ರಲ್ಲಿ ಧೂಪದಾಳದಲ್ಲಿ ಒಡ್ಡು ಕಟ್ಟಲಾಯಿತು. ಸ್ವಾತಂತ್ರ್ಯಾನಂತರ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಸುಮಾರು 51 ಟಿ.ಎಂ.ಸಿ. ನೀರನ್ನು ಹಿಡಿಯುವ ಜಲಾಶಯವಾಯಿತು. ಮಳೆಯನ್ನೇ ನಂಬಿ ಬಿಳಿಜೋಳ ಬೆಳೆಯುತ್ತಿದ್ದ ಎರೆಭೂಮಿಗೆ ಕಾಲುವೆ ಬಂದು, ಕಬ್ಬು ನಿಂತಿತು. ಇದು ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರೆಮಣ್ಣು ನೀರನ್ನು ಬೇಗನೆ ಕೆಳಗೆ ಬಿಡದು. ಮೇಲಿಂದ ಮೇಲೆ ನೀರು ಹಾಯಿಸಲು, ಒಳನೀರು ಬೇರಿನವರೆಗೆ ಏರಿ ಹೊಲವು ಜವಳಾಗುವುದು. ಆ ನೀರು ಮೇಲೆ ಬಂದು ಬಿಸಿಲಿಗೆ ಆರಿದಾಗ ಅದರೊಳಗಿನ ಉಪ್ಪು ಬೆಳ್ಳಗೆ ಉಳಿದು ಸವಳಾಗುವುದು. ಟೈಗ್ರಿಸ್ ಯೂಫ್ರೆಟಿಸ್ ನದಿಗಳ ನಡುವಣ ಪುರಾತನ ನಾಡಿನ ಹೊಲಗಳನ್ನು ಪೀಡಿಸಿದುದೂ ಇದೇ ಉಪ್ಪು.

ಪರಿಹಾರವು ಅಜ್ಞಾತವೇನಲ್ಲ. ಕೆರೆಗೆ ಏರಿಯಂತೆ ಕೋಡಿಯೂ ಬೇಕೆಂಬುದನ್ನು ಹಿರಿಯರು ಬಲ್ಲರು. ಹೊಲಕ್ಕೂ ಹಾಗೆಯೇ ಬಸಿಗಾಲುವೆ ಬೇಕು. ಅಳೆದು ನೀರು ಬಿಡಬೇಕು. ಕಬ್ಬಿನ ನಡುನಡುವೆ ಬೇರೆ ಬೆಳೆಯನ್ನೂ ಹಸುರುಗೊಬ್ಬರವನ್ನೂ ಇಡಬೇಕು. ಬಸಿದ ನೀರು ನೆರೆಯವನ ಹೊಲವನ್ನು ಹಾದೇ ಹಳ್ಳಕ್ಕೆ ಹೋಗಬೇಕಾದುದರಿಂದ ಇದು ಒಬ್ಬನ ಕೆಲಸವೂ ಅಲ್ಲ. ಶ್ಲೋಕವು ಸೇತುವನ್ನು ಎಲ್ಲರಿಗೂ ಸಮಾನವೆಂದುದು ಇಲ್ಲಿ ಅಕ್ಷರಶಃ ಸತ್ಯವಾಗುವುದು.

ಇಂದು ಅರಸರಿಲ್ಲ, ಪಹಣಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬ ಒಕ್ಕಲಿಗನೂ ಆ ಶ್ಲೋಕದ ಭಾವೀ ಅರಸನೇ ಆಗಿರುವನು. ಎಂಟುನೂರು ವರುಷಗಳ ಹಿಂದಿನವರು ಬೇಡಿಕೊಂಡುದು ಅವನನ್ನೇ. ಅವನು ಮುಂದಿನವರಿಗೆ ಕಲ್ಲನ್ನು ಮಾತ್ರ ಉಳಿಸುವನೋ, ಕಲ್ಲಿನೊಳಗಿನ ಮಣ್ಣನ್ನೂ ಉಳಿಸುವನೋ ಎಂಬುದರ ಮೇಲೆ ಆ ಶಾಸನದ ಸಾರ್ಥಕ್ಯವು ನಿಂತಿದೆ.