ಎರಡನೇ ಕಟ್‌ನ ಪಾಠ

ಕಳೆದ ಹತ್ತು ವರ್ಷಗಳಲ್ಲಿ ಕನ್ನಡದ ಸ್ವತಂತ್ರ ಸಿನಿಮಾ ಗಾಂಧಿನಗರವನ್ನು ಕಾಯದೆ ಊರುಗಳಿಂದಲೇ ಎದ್ದು ಬಂದಿದೆ. ಮಂಡ್ಯ ಸೀಮೆಯ ಹಳ್ಳಿಯ ಜನರನ್ನೇ ಪಾತ್ರಗಳಾಗಿಸಿ ರಾಮ್ ರೆಡ್ಡಿ ಮಾಡಿದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಉತ್ತರ ಕನ್ನಡದ ನಟೇಶ್ ಹೆಗಡೆ ತಮ್ಮ ತಂದೆಯನ್ನೇ ಮುಖ್ಯ ಪಾತ್ರದಲ್ಲಿ ನಿಲ್ಲಿಸಿ ಮಾಡಿದ ‘ಪೆದ್ರೊ’ 2021ರಲ್ಲಿ ಬೂಸಾನ್ ಚಿತ್ರೋತ್ಸವ ಮುಟ್ಟಿತು. ಮರುವರ್ಷ ಕೊಪ್ಪಳ ಜಿಲ್ಲೆಯ ಹಳ್ಳಿಯ ಕಥೆ ‘ಶಿವಮ್ಮ’ ಚಿತ್ರಕ್ಕೆ ಅದೇ ಬೂಸಾನ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಹೀಗಿರುವಾಗ, ಹೊನ್ನಾಳಿ–ನ್ಯಾಮತಿ ಸೀಮೆಯ ಗೋವಿನಕೋವಿಯಲ್ಲಿ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಸಿನಿಮಾ ಮಾಡಬೇಕೆಂದು ಹೊರಟರೆ ನಮ್ಮ ಪದವಿ ಶಿಕ್ಷಣ ಅವಳಿಗೆ ಏನು ಕೊಡುತ್ತದೆ? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳುವ ಕಾಲ ಬಂದಿದೆ.

ಸಿನಿಮಾ ಕಲಿಸುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಂದ ವಿ.ಕೆ. ಮೂರ್ತಿ, ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಬೆಳಕು ಕೊಟ್ಟರು. ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಅದು ಕೈಕಸುಬಿನ ಶಾಲೆ. ಇನ್ನೊಂದು ಪರಂಪರೆ ನಮಗೆ ಇನ್ನೂ ಹತ್ತಿರದ್ದು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ನಡುವಿನ ಊರಿಗೆ ತಂದು, ಕನ್ನಡದಲ್ಲಿ ವಿವರಿಸಿ, ಹಳ್ಳಿಯವರ ಜೊತೆ ಕೂತು ಚರ್ಚಿಸಿದರು. ಅದು ನೋಟದ ಶಾಲೆ. ನಮ್ಮ ಪದವಿಗಳು ಈ ಎರಡನ್ನೂ ಒಟ್ಟುಗೂಡಿಸಬೇಕಿತ್ತು. ಬಹಳ ಕಡೆ ಎರಡೂ ಕೈತಪ್ಪಿವೆ.

ಪತ್ರಿಕೋದ್ಯಮ ಮತ್ತು ದೃಶ್ಯಸಂವಹನದ ಪದವಿಗಳಲ್ಲಿ ಸಿನಿಮಾ ಒಂದು ಪೇಪರ್ ಆಗಿ ಕುಳಿತಿದೆ. ಎಷ್ಟೋ ತರಗತಿಗಳಲ್ಲಿ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು ನೋಡದೆಯೇ ನವವಾಸ್ತವವಾದದ ಲಕ್ಷಣಗಳಿಗೆ ಹತ್ತು ಅಂಕದ ಉತ್ತರ ಬರೆಯಲಾಗುತ್ತದೆ. ಪ್ರಾಕ್ಟಿಕಲ್ ಎಂದರೆ ಸೆಮಿಸ್ಟರ್ ಕೊನೆಯ ಎರಡು ವಾರದಲ್ಲಿ ಓಡಾಡಿ ಮಾಡಿದ ಕಿರುಚಿತ್ರ. ಅದನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಮುಗಿಯಿತು, ಅಂಕ ಬಂತು. ಮೇಷ್ಟರು ಮತ್ತೆ ಅದನ್ನು ತೆರೆದು ‘ಈ ಶಾಟ್ ಯಾಕೆ ಇಲ್ಲಿ ಮುಗಿಯಿತು?’ ಎಂದು ಕೇಳುವಷ್ಟು ಬಿಡುವು ವೇಳಾಪಟ್ಟಿಯಲ್ಲಿಲ್ಲ. ಈ ಪದ್ಧತಿಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ಕ್ಯಾಮೆರಾ ಇವತ್ತು ಪ್ರತಿ ಕಿಸೆಯಲ್ಲಿದೆ. ಎಡಿಟ್ ಮಾಡಲು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಹಳ್ಳಿಯ ಹುಡುಗ ಹುಡುಗಿಯರಿಗೆ ಸಿಗದಿರುವುದು, ತಮ್ಮ ಚಿತ್ರದ ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ನೋಡಿ ಎದುರು ಕೂತು ಮಾತಾಡುವ ಜನ. ಕಾಲೇಜು ಕೊಡಬಹುದಾದದ್ದು ಅದನ್ನೇ, ಕೊಡದೆ ಉಳಿದಿರುವುದೂ ಅದನ್ನೇ.

‘ತಿಥಿ’ಯ ಆರಂಭವನ್ನು ಹತ್ತಿರದಿಂದ ನೋಡಿ. ಸೆಂಚುರಿ ಗೌಡ ಬೀದಿ ಬದಿಯಲ್ಲಿ ಕೂತು ಹೋಗುವವರು ಬರುವವರನ್ನೆಲ್ಲ ಛೇಡಿಸುತ್ತಾನೆ, ಬೈಯುತ್ತಾನೆ. ಸ್ವಲ್ಪ ಹೊತ್ತಿಗೆ ಎದ್ದು ಸಂದಿಗೆ ಹೋದವನು ಅಲ್ಲೇ ಕುಸಿದು ಬೀಳುತ್ತಾನೆ. ಅಯ್ಯೋ ಎನಿಸಲು ಪಿಟೀಲು ದನಿಯಿಲ್ಲ, ಕಣ್ಣೀರಿನ ಕ್ಲೋಸಪ್ ಇಲ್ಲ. ಬೈಗುಳ ಕೇಳಿ ನಗುತ್ತಿದ್ದ ನಾವು ಸಾವನ್ನು ಅದೇ ದೂರದಿಂದ ನೋಡಬೇಕಾಗುತ್ತದೆ. ಆ ಸೀಮೆಯಲ್ಲೇ ಹುಟ್ಟಿ ಬೆಳೆದ ಈರೇಗೌಡರ ಬರವಣಿಗೆ, ಹಳ್ಳಿಯವರ ನಾಲಿಗೆಯ ಮೇಲಿನ ಮಾತು, ಸ್ಥಳದಲ್ಲೇ ಹಿಡಿದ ಧ್ವನಿ ಇವೆಲ್ಲ ಇದರ ಹಿಂದಿವೆ. ಆದರೆ ಇಷ್ಟು ಸಂಯಮ ಶೂಟಿಂಗ್ ದಿನವೇ ಕೈಗೆ ಬರುವಂಥದ್ದಲ್ಲ. ಏನನ್ನು ಬಿಡಬೇಕು ಎಂಬುದು ಎಡಿಟಿಂಗ್ ಮೇಜಿನ ಮೇಲೆ, ಬೇರೆಯವರ ಕಣ್ಣೆದುರು ಮತ್ತೆ ಮತ್ತೆ ಇಟ್ಟು ನೋಡಿದಾಗ ತಿಳಿಯುತ್ತದೆ. ‘ತಿಥಿ’ ಮತ್ತು ‘ಪೆದ್ರೊ’ ಎರಡೂ ಗೋವಾದ ಫಿಲ್ಮ್ ಬಜಾರ್‌ನ ವರ್ಕ್ ಇನ್ ಪ್ರೋಗ್ರೆಸ್ ಲ್ಯಾಬ್ ದಾಟಿ ಬಂದ ಚಿತ್ರಗಳು. ಅನುಭವಿಗಳು ರಫ್ ಕಟ್ ನೋಡಿ ಸಲಹೆ ಕೊಡುವ ಜಾಗ ಅದು.

ವಿದ್ಯಾರ್ಥಿ ಚಿತ್ರದ ಮಾತು ಬಂದರೆ 2024ರ ಉದಾಹರಣೆ ನಮ್ಮ ಮುಂದಿದೆ. ಮೈಸೂರಿನಲ್ಲಿ ವೈದ್ಯಕೀಯ ಓದಿ ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐಗೆ ಹೋದ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಊರಿನ ಹುಂಜ ಕದ್ದೊಯ್ದ ಮೇಲೆ ಬೆಳಗೇ ಆಗದ ಜನಪದ ಕಥೆ. ನಾಲ್ಕು ದಿನದ ಶೂಟಿಂಗ್, ಹದಿನಾರು ನಿಮಿಷದ ಚಿತ್ರ. ಅದು ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಕೊನೆಯ ಅಭ್ಯಾಸ. ಕಾಲವೂ ಕಡಿಮೆ, ಹಣವೂ ಕಡಿಮೆ. ಇದ್ದದ್ದು ಒಂದೇ ಅನುಕೂಲ: ನಿರ್ದೇಶನ, ಕ್ಯಾಮೆರಾ, ಧ್ವನಿ, ಸಂಕಲನ ಕಲಿಯುವ ನಾಲ್ವರು ಒಂದೇ ಚಿತ್ರಕ್ಕಾಗಿ ಒಬ್ಬರ ಮಾತಿಗೆ ಇನ್ನೊಬ್ಬರು ಎದುರು ನಿಲ್ಲಬಹುದಾದ ವಾತಾವರಣ. ಒಂದು ವರ್ಷದಲ್ಲಿ ಅಲ್ಲಿ ಸಾಧ್ಯವಾದ ಈ ವಾತಾವರಣವನ್ನು ಮೂರು ವರ್ಷದ ಪದವಿ ಕಟ್ಟಲಾರದೇ?

ನಟೇಶ್, ಈರೇಗೌಡ ಅಂಥವರು ಯಾವ ಸಿನಿಮಾ ಶಾಲೆಗೂ ಹೋಗದೆ ಕಲಿತರಲ್ಲ, ಹಾಗಿದ್ದರೆ ಪದವಿ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಅಂಥ ಪ್ರತಿಭೆಗಳು ಹೇಗಾದರೂ ದಾರಿ ಮಾಡಿಕೊಳ್ಳುತ್ತವೆ. ಆದರೆ ಮನೆಯಲ್ಲಿ ಹೊಲದ ಕೆಲಸ, ಸಂಜೆಯ ಕೊನೇ ಬಸ್ಸು, ಹೆಣ್ಣುಮಗಳಾದರೆ ಇನ್ನೂ ನೂರು ಕಟ್ಟುಪಾಡು. ಇಂಥವರಿಗೆ ಮೂರು ವರ್ಷ ‘ಓದುತ್ತಿದ್ದೇನೆ’ ಎಂದು ಹೇಳಿಕೊಂಡು ತಪ್ಪು ಮಾಡುವ ಅವಕಾಶ ಸಿಗುವುದು ಕಾಲೇಜಿನಲ್ಲಿ ಮಾತ್ರ. ಸರ್ಕಾರಿ ಕಾಲೇಜಿನ ಮೇಲೆ ನನಗಿರುವ ಪ್ರೀತಿಗೆ ಇದೇ ಕಾರಣ.

ಹಾಗಾದರೆ ಪಾಠ ಹೇಗಿರಬೇಕು? ಒಂದೇ ಅಭ್ಯಾಸ ಸಾಕು. ಸುಗ್ಗಿ ಬಂದರೆ ನಮ್ಮ ಸೀಮೆಯಲ್ಲಿ ಟಾರ್ ರಸ್ತೆಯೇ ಮೆಕ್ಕೆಜೋಳದ ಕಣ. ರಸ್ತೆಯ ಅರ್ಧಕ್ಕೆ ಕಾಳು ಹರವಿ, ಅಂಚಿಗೆ ಕಲ್ಲು ಸಾಲಿಟ್ಟು, ರಾತ್ರಿ ಅಲ್ಲೇ ಕಾವಲು. ಇದರ ಬಗ್ಗೆ ಐದು ನಿಮಿಷದ ಚಿತ್ರ ಮಾಡಿ ಎಂದರೆ ಮೊದಲ ಕಟ್‌ನಲ್ಲಿ ಬರುವುದು ಹೊಂಬಣ್ಣದ ಕಾಳಿನ ರಾಶಿ, ಸೂರ್ಯಾಸ್ತ, ಕೊಳಲಿನ ಸಂಗೀತ. ಆಗ ತರಗತಿ ಕೇಳಬೇಕು: ಕಾಳು ತುಳಿದು ಹೋದ ಬೈಕಿನವನ ಜೊತೆ ಆದ ಜಗಳ ಎಲ್ಲಿ? ಮೋಡ ಕಂಡೊಡನೆ ತಾಡಪಾಲು ಎಳೆಯಲು ಮನೆಮಂದಿಯೆಲ್ಲ ಓಡಿದ್ದು ಎಲ್ಲಿ? ರೇಟು ಬರುವ ತನಕ ಕಾಯಲಾಗದೆ ಮಾರಿದವರ ಮುಖ ಎಲ್ಲಿ? ಸಂಗೀತ ತೆಗೆದರೆ ಏನು ಕೇಳಿಸುತ್ತದೆ? ವಿದ್ಯಾರ್ಥಿ ಮತ್ತೆ ರಸ್ತೆಗೆ ಹೋಗುತ್ತಾನೆ, ಧ್ವನಿ ಹಿಡಿಯುತ್ತಾನೆ, ಎರಡನೇ ಕಟ್ ತರುತ್ತಾನೆ. ಅವನು ಸಿನಿಮಾ ಕಲಿಯುವುದು ಈ ಎರಡನೇ ಪ್ರಯಾಣದಲ್ಲಿ.

ಕರ್ನಾಟಕ 2024–25ರಲ್ಲಿ ಮೂರು ವರ್ಷದ ಪದವಿಗೆ ಮರಳಿದೆ. ಆರು ಸೆಮಿಸ್ಟರ್‌ಗಳಲ್ಲಿ ಆರು ಚಿತ್ರ ಬೇಕಿಲ್ಲ. ಎರಡು ಚಿತ್ರ, ಪ್ರತಿಯೊಂದಕ್ಕೂ ಮೂರು ಕಟ್ ಸಾಕು. ಮೊದಲ ಕಟ್‌ಗೆ ಅಂಕ ಬೇಡ. ಅಂಕ ಕೊಡಬೇಕಾದದ್ದು ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಆದ ಬದಲಾವಣೆಗೆ, ಸಹಪಾಠಿಯ ಚಿತ್ರದ ಬಗ್ಗೆ ಬರೆದ ಟಿಪ್ಪಣಿಗೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಚೌಕಟ್ಟು, ಬೆಳಕು ಬಲ್ಲವರಿದ್ದಾರೆ; ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ಧ್ವನಿ, ಕ್ಯಾಮೆರಾ ಕಲಿತವರಿದ್ದಾರೆ. ಪತ್ರಿಕೋದ್ಯಮ ವಿಭಾಗಗಳು ಅವರನ್ನು ಸೆಮಿಸ್ಟರಿಗೆ ಎರಡು ಬಾರಿ ಕರೆಸಿ ರಫ್ ಕಟ್ ಮುಂದೆ ಕೂರಿಸಲಿ. ಇದಕ್ಕೆ ಹೊಸ ಕಟ್ಟಡವಾಗಲಿ ದುಬಾರಿ ಕ್ಯಾಮೆರಾವಾಗಲಿ ಬೇಡ; ಕತ್ತಲೆ ಮಾಡಬಹುದಾದ ಒಂದು ಕೋಣೆ, ಒಂದು ಪ್ರೊಜೆಕ್ಟರ್, ತಪ್ಪನ್ನು ತಪ್ಪೆಂದು ಪ್ರೀತಿಯಿಂದ ಹೇಳುವ ಮೇಷ್ಟ್ರು ಇದ್ದರೆ ಆಯಿತು. ಇಷ್ಟನ್ನು ಒದಗಿಸದ ಪದವಿ, ಅಂಕಪಟ್ಟಿಯಲ್ಲಿ ಸಿನಿಮಾ ಎಂಬ ಹೆಸರಿದ್ದರೂ, ಸಿನಿಮಾ ಕಲಿಸಿದಂತಲ್ಲ.