ಒತ್ತು ಬೀಳುವುದು ಯಾವುದರ ಮೇಲೆ? ಇಂಗ್ಲಿಷಿನ ‘ರೈಟ್’, ಕನ್ನಡದ ‘ಏ’ ಮತ್ತು ಕಲಬುರಗಿಯ ‘ಐನ್’

ಸಾರಾಂಶ

ಇಂಗ್ಲಿಷಿನ ಪೂರ್ವಸರ್ಗ ಪದಪುಂಜದ ಮುಂದೆ ನಿಂತು ಅದಕ್ಕೆ ಒತ್ತು ಕೊಡುವ ‘ರೈಟ್’, ‘ಸ್ಟ್ರೇಟ್’ ಮೊದಲಾದ ಪದಗಳನ್ನು ‘ಕ್ರಿಯಾವಿಶೇಷಣ’ವೆಂದು ಕರೆದು ‘ಸರಿಯಾಗಿ’, ‘ನೇರವಾಗಿ’ ಎಂದು ಅನುವಾದಿಸುವ ಬೋಧನಕ್ರಮವನ್ನು ಈ ಲೇಖನ ವಿಮರ್ಶಿಸುತ್ತದೆ. ಈ ಪದಗಳು ವಿಶೇಷಿಸುವುದು ಕ್ರಿಯೆಯನ್ನಲ್ಲ. ಇದಕ್ಕೆ ಸಮಾನವಾದ ರಚನೆ ಕಲಬುರಗಿ ನಗರ ಮತ್ತು ಕಮಲಾಪುರದ ಆಡುನುಡಿಯಲ್ಲಿಯೇ ಇದೆ ಎಂಬುದು ನಮ್ಮ ವಾದ.

1. ಹೆಸರಿನಲ್ಲೇ ಇರುವ ತೊಡಕು

ಕೆಳಗಿನ ವಾಕ್ಯವನ್ನು ಗಮನಿಸಬಹುದು. ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ವಾಕ್ಯಗಳೆಲ್ಲವೂ ನಾವು ರಚಿಸಿದವು. ಒಪ್ಪಿತವಲ್ಲದ ರಚನೆಗೆ ನಕ್ಷತ್ರಚಿಹ್ನೆ ಇದೆ.

(1) ದ ಬಸ್ ಸ್ಟಾಪ್ಡ್ ರೈಟ್ ಇನ್ ದ ಮಿಡಲ್ ಆಫ್ ದ ರೋಡ್.

ರೂಢಿಯ ಪಾಠದಲ್ಲಿ ‘ರೈಟ್’ ಕ್ರಿಯಾವಿಶೇಷಣ; ಆದ್ದರಿಂದ ಅದು ‘ಸ್ಟಾಪ್ಡ್’ ಎಂಬ ಕ್ರಿಯೆಯನ್ನು ವಿಶೇಷಿಸುತ್ತದೆ. ಈ ವಿಶ್ಲೇಷಣೆಯನ್ನು ನಂಬಿದ ವಿದ್ಯಾರ್ಥಿ ‘ಬಸ್ಸು ರಸ್ತೆಯ ನಡುವೆ ಸರಿಯಾಗಿ ನಿಂತಿತು’ ಎಂದು ಅನುವಾದಿಸಿದರೆ ಅವನನ್ನು ದೂರುವಂತಿಲ್ಲ. ಆದರೆ ಆ ವಾಕ್ಯ ಬಸ್ಸು ನಿಂತ ರೀತಿಯನ್ನು ಹೊಗಳುತ್ತದೆ. ಮೂಲವಾಕ್ಯವೋ ಬಸ್ಸು ನಿಂತ ಜಾಗದ ಬಗ್ಗೆ ಮಾತಾಡುತ್ತದೆ. ‘ಬಸ್ಸು ರಸ್ತೆಯ ನಟ್ಟನಡುವೆಯೇ ನಿಂತಿತು’ ಎಂಬುದು ಅದರ ಕನ್ನಡ.

ತೊಡಕು ಪರಿಭಾಷೆಯಲ್ಲೇ ಇದೆ. ‘ಕ್ರಿಯಾವಿಶೇಷಣ’ ಎಂಬ ಹೆಸರು ವಿಶ್ಲೇಷಣೆ ಆರಂಭವಾಗುವ ಮೊದಲೇ ಉತ್ತರವನ್ನು ಹೇಳಿಬಿಡುತ್ತದೆ. ಇಂಗ್ಲಿಷಿನ ‘ಆಡ್ವರ್ಬ್’ ಪದದಲ್ಲೂ ಇದೇ ದೋಷವಿದೆ. ಆದರೆ ಆ ಪದದ ಒಳಗಿನ ಅರ್ಥ ಇಂದಿನ ಇಂಗ್ಲಿಷ್ ಓದುಗನಿಗೆ ಅಷ್ಟಾಗಿ ಕೇಳಿಸುವುದಿಲ್ಲ. ನಮ್ಮ ಸಂಸ್ಕೃತಜನ್ಯ ಪರಿಭಾಷೆ ಪಾರದರ್ಶಕವಾದದ್ದು. ಆದ್ದರಿಂದಲೇ ಅದು ದಾರಿ ತಪ್ಪಿಸುವುದೂ ಹೆಚ್ಚು.

2. ಇಂಗ್ಲಿಷ್ ವ್ಯಾಕರಣಗಳು ಹೇಳುವುದೇನು?

‘ರೈಟ್’ ಪದಪುಂಜಕ್ಕೆ ಸೇರಿದ್ದು ಎಂಬುದನ್ನು ಎರಡು ಸರಳ ಪರೀಕ್ಷೆಗಳು ತೋರಿಸುತ್ತವೆ. ಮೊದಲನೆಯದು ಉತ್ತರದ ಪರೀಕ್ಷೆ: ಬಸ್ಸು ಎಲ್ಲಿ ನಿಂತಿತು ಎಂಬ ಪ್ರಶ್ನೆಗೆ ಕ್ರಿಯಾಪದವೇ ಇಲ್ಲದೆ ‘ರೈಟ್ ಇನ್ ದ ಮಿಡಲ್’ ಎಂದಷ್ಟೇ ಉತ್ತರಿಸಬಹುದು. ಎರಡನೆಯದು ಸ್ಥಳಾಂತರದ ಪರೀಕ್ಷೆ: ಪದಪುಂಜವನ್ನು ವಾಕ್ಯದ ಆರಂಭಕ್ಕೆ ತಂದರೆ ‘ರೈಟ್’ ಜೊತೆಯಲ್ಲೇ ಬರುತ್ತದೆ, ಅದೊಂದನ್ನೇ ಕ್ರಿಯೆಯ ಹಿಂದಕ್ಕೆ ಸರಿಸಿ ‘*ದ ಬಸ್ ರೈಟ್ ಸ್ಟಾಪ್ಡ್ ಇನ್ ದ ಮಿಡಲ್’ ಎಂದರೆ ವಾಕ್ಯ ಕೆಡುತ್ತದೆ.

ಇದು ಹೊಸ ಶೋಧವಲ್ಲ. ಪೂರ್ವಸರ್ಗ ಪದಪುಂಜದ ರಚನೆಯನ್ನು ಕುರಿತ ರೇ ಜಾಕೆಂಡಾಫ್ ಅವರ 1973ರ ಲೇಖನದ ನಂತರ ‘ರೈಟ್’ ಈ ಪದಪುಂಜವನ್ನು ಗುರುತಿಸುವ ಒರೆಗಲ್ಲಾಗಿ ಬಳಕೆಯಲ್ಲಿದೆ. ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣ ಪೂರ್ವಸರ್ಗವನ್ನು ವಿಶೇಷಿಸುವ ಆಡ್ವರ್ಬುಗಳನ್ನು ಒಪ್ಪುತ್ತದೆ. ಹಡಲ್‌ಸ್ಟನ್ ಮತ್ತು ಪುಲಂ ಅವರ 2002ರ ಕೇಂಬ್ರಿಜ್ ವ್ಯಾಕರಣ ಇನ್ನೂ ಮುಂದೆ ಹೋಗಿ, ‘ರೈಟ್ ಹಿಯರ್’, ‘ಸ್ಟ್ರೇಟ್ ಇನ್’ ಮುಂತಾದ ಬಳಕೆಗಳನ್ನೂ ಆಧಾರವಾಗಿಟ್ಟುಕೊಂಡು, ‘ಹಿಯರ್’, ‘ಇನ್’ ಮೊದಲಾದವನ್ನು ಮುಂದೆ ನಾಮಪದವಿಲ್ಲದಿದ್ದಾಗಲೂ ಪೂರ್ವಸರ್ಗಗಳೆಂದೇ ಪರಿಗಣಿಸುತ್ತದೆ. ಈ ಚರ್ಚೆ ನಮ್ಮ ಕಾಲೇಜು ತರಗತಿಗಳನ್ನು ಹೆಚ್ಚಾಗಿ ತಲುಪಿಲ್ಲ. ಅಲ್ಲಿ ಇಂದಿಗೂ ಪ್ರಧಾನವಾಗಿರುವುದು ಕ್ರಿಯೆ, ಗುಣವಾಚಕ, ಇನ್ನೊಂದು ಕ್ರಿಯಾವಿಶೇಷಣ ಎಂಬ ಮೂರು ಮನೆಗಳ ಲಕ್ಷಣವೇ.

3. ಕನ್ನಡದಲ್ಲಿ ಒತ್ತಿನ ಮೂರು ನೆಲೆಗಳು

ಇಂಗ್ಲಿಷಿನಲ್ಲಿ ಪೂರ್ವಸರ್ಗ ಮಾಡುವ ಕೆಲಸವನ್ನು ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳೂ ‘ಮೇಲೆ, ಎದುರಿಗೆ, ಮೊದಲು, ನಡುವೆ’ ಮುಂತಾದ ಅನುಸರ್ಗಗಳೂ ಹಂಚಿಕೊಂಡಿವೆ. ಒತ್ತು ಕೊಡುವ ಸಾಧನಗಳೂ ಅದಕ್ಕೆ ತಕ್ಕಂತೆ ಹಂಚಿಹೋಗಿವೆ.

ಮೊದಲನೆಯದು ಅವಧಾರಣೆಯ ‘ಏ’. ಇದು ಪದಪುಂಜದ ಬಲತುದಿಗೆ ಹತ್ತುತ್ತದೆ: ಮನೆಯಲ್ಲೇ, ಊಟಕ್ಕೇ, ಎದುರಿಗೇ. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ಎರಕಹೊಯ್ಯುವುದನ್ನು ಪ್ರಶ್ನಿಸಿದ ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯ ಶೀರ್ಷಿಕೆಯಲ್ಲಿ ವಾದದ ಭಾರವನ್ನೆಲ್ಲ ಹೊತ್ತಿರುವುದು ಈ ‘ಏ’ಕಾರವೇ.

ಎರಡನೆಯದು, ನಮ್ಮ ವ್ಯಾಕರಣಗಳು ದ್ವಿರುಕ್ತಿ ಪ್ರಕರಣದಲ್ಲಿ ಹೇಳುವ ನಟ್ಟನಡು, ತುತ್ತತುದಿ, ಕಟ್ಟಕಡೆ, ಮೊತ್ತಮೊದಲು ಮೊದಲಾದ ರೂಪಗಳು. ಇವು ಬೆರಳೆಣಿಕೆಯವು, ಸ್ಥಳ ಅಥವಾ ಕಾಲದ ಆದಿ, ಮಧ್ಯ, ಅಂತ್ಯಗಳನ್ನು ಹೇಳುವ ಪದಗಳಿಗೆ ಮುಖ್ಯವಾಗಿ ಸಲ್ಲುತ್ತವೆ. ಒಂದು ಬಿಂದುವನ್ನು ಕರಾರುವಾಕ್ಕಾಗಿ ಗುರುತಿಸುವ ‘ರೈಟ್’ ಪದಕ್ಕೆ ಅರ್ಥದಲ್ಲಿ ಅತಿ ಹತ್ತಿರದವು ಇವೇ. ದ್ವಿರುಕ್ತಿಯ ಪಟ್ಟಿಯಲ್ಲಿ ಉಳಿದುಹೋದ ಕಾರಣ ಇವುಗಳ ವಾಕ್ಯರಚನೆಯ ಪಾತ್ರ ಚರ್ಚೆಗೆ ಬಂದದ್ದು ಕಡಿಮೆ.

ಮೂರನೆಯದು ಬಿಡಿಪದವಾಗಿ ಬರುವ ವಿಶೇಷಕ. ಇಲ್ಲಿ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ:

(2) ಊಟಕ್ಕೆ ಸ್ವಲ್ಪ ಮೊದಲು. ಊಟಕ್ಕೆ ಹತ್ತು ನಿಮಿಷ ಮೊದಲು
(3) ನೇರ ಮನೆಗೆ, ನೇರ ಊರಿನಿಂದ

ಇಂಗ್ಲಿಷಿನಲ್ಲಿ ಇವೆಲ್ಲವೂ ಪದಪುಂಜದ ಎಡತುದಿಯಲ್ಲೇ ಬರುತ್ತವೆ. ಕನ್ನಡದಲ್ಲಾದರೋ ಅನುಸರ್ಗ ಸ್ವತಂತ್ರ ಪದವಾಗಿದ್ದಾಗ ವಿಶೇಷಕವು ನಾಮಪದಕ್ಕೂ ಅನುಸರ್ಗಕ್ಕೂ ನಡುವೆ ಕೂರಬಲ್ಲದು. ವಿಭಕ್ತಿಪ್ರತ್ಯಯಕ್ಕೂ ನಾಮಪದಕ್ಕೂ ನಡುವೆ ಅಂಥ ಜಾಗವಿಲ್ಲ. ಅಲ್ಲಿ ವಿಶೇಷಕ ಎಡಕ್ಕೆ ಹೋಗಬೇಕು, ಇಲ್ಲವೇ ಬಲತುದಿಯ ‘ಏ’ ಆ ಕೆಲಸ ಮಾಡಬೇಕು. ಇದನ್ನು ತಿಳಿಸದೆ ‘ಇಂಗ್ಲಿಷಿನಲ್ಲಿ ಪದ ಮುಂದೆ, ಕನ್ನಡದಲ್ಲಿ ಹಿಂದೆ’ ಎಂದಷ್ಟೇ ಹೇಳುವುದು ಅರೆಸತ್ಯ.

4. ಕಲಬುರಗಿ ಮತ್ತು ಕಮಲಾಪುರದ ಮಾತು

1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, ಉರ್ದು ಮತ್ತು ಮರಾಠಿಗಳ ಒಡನಾಟದಲ್ಲಿ ಬೆಳೆದ ಇಲ್ಲಿನ ಕನ್ನಡದಲ್ಲಿ ಎಡತುದಿಯ ಒತ್ತುಪದಗಳು ಧಾರಾಳವಾಗಿವೆ. ಅರಬ್ಬಿ ಮೂಲದ ‘ಐನ್’, ಪಾರಸಿ ಮೂಲದ ‘ಬರೋಬ್ಬರಿ’, ಹಿಂದಿ-ಉರ್ದುವಿನಿಂದ ಬಂದ ‘ಸೀದಾ’ ಇವುಗಳಲ್ಲಿ ಮುಖ್ಯವಾದವು. ಇವು ಉತ್ತರ ಕರ್ನಾಟಕದ ಇತರೆಡೆಗಳಲ್ಲೂ ಬಳಕೆಯಲ್ಲಿವೆ.

(4) ಐನ್ ವ್ಯಾಳ್ಯಾಕ ಕೈ ಕೊಟ್ಟ.
(5) ಬರೋಬ್ಬರಿ ಹತ್ತು ಗಂಟೇಕ ಬಂದಾನ.
(6) ಸೀದಾ ಕಮಲಾಪುರಕ್ಕ ಹೋಗ್ಯಾನ.
(7) ಈ ಕೆಂಪು ಬಾಳಿಹಣ್ಣು ಸೀದಾ ಕಮಲಾಪುರದಿಂದ ಬಂದಾವ.
(8) *ಸೀದಾ ಮನ್ಯಾಗ ಅದಾನ.

ಇಂಗ್ಲಿಷಿಗೆ ಹೇಳಿದ ಪರೀಕ್ಷೆಗಳು ಇಲ್ಲಿಯೂ ಸಲ್ಲುತ್ತವೆ. ‘ಎಲ್ಲಿಗಿ ಹೋಗ್ಯಾನ?’ ಎಂದರೆ ‘ಸೀದಾ ಕಮಲಾಪುರಕ್ಕ’ ಎಂಬುದು ಪೂರ್ಣ ಉತ್ತರ. ‘ಐನ್ ಊಟದ ಹೊತ್ತಿಗೇ ಅವ ಬಂದಿದ್ದು’ ಎಂದು ವಾಕ್ಯವನ್ನು ಸೀಳಿದರೂ ‘ಐನ್’ ತನ್ನ ಪದಪುಂಜವನ್ನು ಬಿಡುವುದಿಲ್ಲ. ಎಡದ ‘ಐನ್’ ಮತ್ತು ಬಲದ ‘ಏ’ ಒಟ್ಟಿಗೇ ಬರಬಲ್ಲವೆಂಬುದನ್ನೂ ಇದೇ ವಾಕ್ಯ ತೋರಿಸುತ್ತದೆ. (8) ಕೆಡುವುದಕ್ಕೆ ಕಾರಣ, ‘ಸೀದಾ’ ದಾರಿಯ ಅರ್ಥವಿರುವ ಪದಪುಂಜವನ್ನು ಬೇಡುತ್ತದೆ, ಇರವಿನ ಜಾಗವನ್ನಲ್ಲ. ‘*ಹಿ ಈಸ್ ಸ್ಟ್ರೇಟ್ ಅಟ್ ಹೋಮ್’ ಕೆಡುವುದೂ ಇದೇ ಕಾರಣಕ್ಕೆ.

ಇದಕ್ಕೊಂದು ಆಕ್ಷೇಪ ಬರಬಹುದು. ‘ಸೀದಾ ನಡಿ’ ಎಂಬಲ್ಲಿ ಅದೇ ಪದ ಕ್ರಿಯೆಯನ್ನೂ, ‘ಸೀದಾ ಮನಷ್ಯಾ’ ಎಂಬಲ್ಲಿ ನಾಮಪದವನ್ನೂ ವಿಶೇಷಿಸುತ್ತದಲ್ಲವೇ? ಹೌದು. ‘ಸ್ಟ್ರೇಟ್’ ಪದವೂ ಹೀಗೆಯೇ ಮೂರು ಕಡೆ ಬರುತ್ತದೆ. ಈ ಸಾಮ್ಯವು ಆಕ್ಷೇಪಕ್ಕಿಂತ ನಮ್ಮ ವಾದಕ್ಕೇ ಬಲ ಕೊಡುತ್ತದೆ: ಪದದ ವರ್ಗವನ್ನು ನಿಘಂಟಿನ ಹೆಸರಿನಿಂದಲ್ಲ, ವಾಕ್ಯದಲ್ಲಿ ಅದು ಸೇರುವ ಪದಪುಂಜದಿಂದ ತಿಳಿಯಬೇಕು.

5. ‘ಓನ್ಲಿ’ ಮತ್ತು ಕೆಂಪು ಶಾಯಿ

ಈ ವಿಶ್ಲೇಷಣೆಯ ಪರಿಣಾಮ ಸ್ಪಷ್ಟವಾಗಿ ಕಾಣುವುದು ಉತ್ತರಪತ್ರಿಕೆಗಳಲ್ಲಿ. ‘ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇದೆ’ ಎಂಬುದನ್ನು ವಿದ್ಯಾರ್ಥಿ ‘ದ ಶಾಪ್ ಈಸ್ ಆಪೊಸಿಟ್ ದ ಬಸ್ ಸ್ಟ್ಯಾಂಡ್ ಓನ್ಲಿ’ ಎಂದು ಬರೆಯುತ್ತಾನೆ. ಭಾರತೀಯ ಇಂಗ್ಲಿಷಿನ ಈ ‘ಓನ್ಲಿ’ ಅಡ್ಡಾದಿಡ್ಡಿ ತಪ್ಪಲ್ಲ, ನಿಯಮಬದ್ಧ ಬಳಕೆ ಎಂದು ರಾಕೇಶ್ ಭಟ್ 2000ದಲ್ಲಿ, ಕ್ಲೌಡಿಯಾ ಲಾಂಗೆ 2007ರಲ್ಲಿ ವಾದಿಸಿದ್ದಾರೆ. ಪದಪುಂಜದ ಬಲತುದಿಗೆ ಬರುವ ಅದರ ಸ್ಥಾನವು ನಮ್ಮ ‘ಏ’ಕಾರದ ಸ್ಥಾನವೇ.

ಆದರೆ ತಿದ್ದುವವರು ‘ಓನ್ಲಿ’ಯನ್ನು ಹೊಡೆದುಹಾಕಿ ಸುಮ್ಮನಾಗುತ್ತಾರೆ. ವಾಕ್ಯ ಶುದ್ಧವಾಗುತ್ತದೆ, ಹೇಳಬೇಕಿದ್ದ ಒತ್ತು ಕಳೆದುಹೋಗುತ್ತದೆ. ಒತ್ತು ಕೊಡುವುದೇ ತಪ್ಪು ಎಂಬ ಪಾಠ ವಿದ್ಯಾರ್ಥಿಗೆ ಸಿಗುತ್ತದೆ. ಅವನಿಗೆ ಬೇಕಾದದ್ದು ಬದಲಿ ರೂಪ. ‘ಏ’ ಕನಿಷ್ಠ ಎರಡು ಕೆಲಸ ಮಾಡುತ್ತದೆ, ಇಂಗ್ಲಿಷ್ ಅವನ್ನು ಎರಡು ಪದಗಳಿಗೆ ವಹಿಸುತ್ತದೆ: ಜಾಗ ಅಥವಾ ವೇಳೆಯ ಕರಾರುವಾಕ್ಕುತನಕ್ಕೆ ‘ರೈಟ್ ಆಪೊಸಿಟ್ ದ ಬಸ್ ಸ್ಟ್ಯಾಂಡ್’, ಬೇರೆಲ್ಲೂ ಇಲ್ಲವೆಂಬ ಅರ್ಥಕ್ಕೆ ‘ಓನ್ಲಿ ಇನ್ ಕಮಲಾಪುರ’. ಎರಡೂ ಎಡತುದಿಯಲ್ಲಿ.

ಎಡತುದಿಯ ಈ ಸ್ಥಾನ ಕಲಬುರಗಿಯ ವಿದ್ಯಾರ್ಥಿಗೆ ಹೊಸದಲ್ಲ; ‘ಐನ್’, ‘ಸೀದಾ’ಗಳನ್ನು ಅವನು ದಿನವೂ ಅಲ್ಲಿಯೇ ಇಡುತ್ತಾನೆ. ಆದರೆ ಅವು ‘ಅಶುದ್ಧ’ವೆಂಬ ಕಾರಣಕ್ಕೆ ಕನ್ನಡದ ತರಗತಿಯಿಂದ ಹೊರಗುಳಿಯುತ್ತವೆ, ಇಂಗ್ಲಿಷ್ ತರಗತಿಯಲ್ಲಿ ಅವುಗಳ ಸಮಾನರೂಪ ‘ಕ್ರಿಯಾವಿಶೇಷಣ’ದ ಹೆಸರಿನಡಿ ಮರೆಯಾಗುತ್ತದೆ. ಗೊತ್ತಿರುವ ರಚನೆಯನ್ನು ಗೊತ್ತಿಲ್ಲದ್ದೆಂಬಂತೆ ಕಲಿಸುವ ಈ ಕ್ರಮ ಬದಲಾಗಬೇಕು. ‘ಸೀದಾ ಮನಿಗಿ’ಯಿಂದ ಆರಂಭಿಸಿ, ‘ನೇರ ಮನೆಗೆ’ಯನ್ನು ದಾಟಿ, ‘ಸ್ಟ್ರೇಟ್ ಟು ದ ಹೌಸ್’ ತಲುಪುವ ಪಾಠಕ್ರಮವನ್ನು ನಾವು ಸೂಚಿಸುತ್ತೇವೆ. ಪರಿಭಾಷೆಯ ಮಟ್ಟಿಗೆ, ಈ ಪದಗಳನ್ನು ‘ಪದಪುಂಜ ವಿಶೇಷಕ’ಗಳೆಂದು ಕರೆದರೆ ಸಾಕು. ‘ಸೀದಾ ಒಳಗ ಹೋದ’ ಎಂಬಲ್ಲಿನ ‘ಒಳಗ’ವನ್ನು ಕ್ರಿಯಾವಿಶೇಷಣವೆಂದೂ ‘ಮನಿ ಒಳಗ’ ಎಂಬಲ್ಲಿನ ಅದೇ ಪದವನ್ನು ಅನುಸರ್ಗವೆಂದೂ ಎರಡಾಗಿ ವಿಂಗಡಿಸುವ ಅಗತ್ಯ ಕನ್ನಡದಲ್ಲಿ ನಿಜಕ್ಕೂ ಇದೆಯೇ ಎಂಬ ಪ್ರಶ್ನೆಯನ್ನೂ ಆಗ ಹೊಸದಾಗಿ ಕೇಳಬೇಕಾಗುತ್ತದೆ.